ಮಹಾಯುದ್ಧಗಳ ಕಾಲದ ಹಡಗಿನ ಫಿರಂಗಿ, ವಿಮಾನದ ಕ್ಯಾನನ್: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧನೌಕೆಗಳ ವಿಷಯ ಬಂದರೆ ಸಾಕು, ಮೊದಲ ಪ್ರಶ್ನೆ ಒಂದೇ: ಯಾವುದರ ಫಿರಂಗಿ ದೊಡ್ಡದು? ವಿಮಾನಗಳ ಮಾತು ಬಂದರೂ ಅಷ್ಟೇ, 20 ಮಿ.ಮೀ. ಜೋರೋ 30 ಮಿ.ಮೀ. ಜೋರೋ ಅಂತ. ಅಳತೆಯೊಂದನ್ನೇ ಹಿಡಿದು ಹೊರಟರೆ ಈ ವಿಷಯದಲ್ಲಿ ದಾರಿ ತಪ್ಪುವುದೇ ಜಾಸ್ತಿ. ಗುಂಡಿನೊಳಗೆ ಏನಿತ್ತು, ಗುರಿ ಹಿಡಿದವರು ಹೇಗೆ ಹಿಡಿದರು ಅನ್ನುವುದು ಅನೇಕ ಸಲ ಅಳತೆಗಿಂತ ಮುಖ್ಯವಾಗಿತ್ತು. ಕೆಳಗಿನ ಉತ್ತರಗಳಲ್ಲಿ ಅದೇ ಮಾತು ಮತ್ತೆ ಮತ್ತೆ ಬರುತ್ತದೆ.

"16 ಇಂಚು, 50 ಕ್ಯಾಲಿಬರ್" ಅಂದರೆ ಏನು?

16 ಇಂಚು ಅಂದರೆ ಬ್ಯಾರೆಲ್‌ನ ಒಳಗಿನ ಅಗಲ. 50 ಕ್ಯಾಲಿಬರ್ ಅಂದರೆ ಬ್ಯಾರೆಲ್‌ನ ಉದ್ದ ಆ ಅಗಲದ 50 ಪಟ್ಟು. ಹದಿನಾರು ಐವತ್ತಲ 800 ಇಂಚು, ಅಂದರೆ 20 ಮೀಟರಿಗೂ ಸ್ವಲ್ಪ ಹೆಚ್ಚು. ಬ್ಯಾರೆಲ್ ಉದ್ದವಾದಷ್ಟೂ ಮದ್ದಿನ ಅನಿಲ ಶೆಲ್ಲನ್ನು (ಫಿರಂಗಿಯ ಗುಂಡನ್ನು) ಹೆಚ್ಚು ಹೊತ್ತು ತಳ್ಳುತ್ತದೆ, ವೇಗ ಹೆಚ್ಚುತ್ತದೆ.

ಗೊಂದಲ ಆಗುವುದು ವಿಮಾನದ ಮಷಿನ್ ಗನ್ ಮಾತು ಬಂದಾಗ. ಅಮೆರಿಕದವರ "ಪಾಯಿಂಟ್ ಫಿಫ್ಟಿ ಕ್ಯಾಲಿಬರ್" ಅಂದರೆ ಬ್ಯಾರೆಲ್‌ನ ಅಗಲವೇ ಅರ್ಧ ಇಂಚು, 12.7 ಮಿ.ಮೀ. ಅಲ್ಲಿ ಉದ್ದದ ಲೆಕ್ಕವೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಫಿರಂಗಿ ಯಾವ ಹಡಗಿನದು?

ಎರಡನೇ ಮಹಾಯುದ್ಧದಲ್ಲಿ ಜಪಾನಿನ ಯಮಾಟೊ ಮತ್ತು ಅದರ ಜೋಡಿ ಮುಸಾಶಿ. 46 ಸೆಂ.ಮೀ. ಅಗಲದ 9 ಫಿರಂಗಿಗಳು, ಮೂರು ಟರೆಟ್‌ಗಳಲ್ಲಿ (ಫಿರಂಗಿಗಳನ್ನು ಹೊತ್ತು ತಿರುಗುವ ಕವಚದ ಗೂಡು) ಮೂರು ಮೂರು. ಒಂದೊಂದು ಟರೆಟ್ಟಿನ ತೂಕ ಸುಮಾರು 2500 ಟನ್. ಆ ಕಾಲದ ಎಷ್ಟೋ ಡಿಸ್ಟ್ರಾಯರ್ ಎಂಬ ಸಣ್ಣ ಯುದ್ಧಹಡಗುಗಳು ಇಡಿಯಾಗಿ ಅಷ್ಟು ತೂಗುತ್ತಿರಲಿಲ್ಲ. ರಕ್ಷಾಕವಚ ಸೀಳುವ ಶೆಲ್ 1460 ಕೆ.ಜಿ. ದೂರ 42 ಕಿ.ಮೀ. ಮುಟ್ಟುತ್ತಿತ್ತು.

ಜಪಾನ್ ಇದನ್ನು ಎಷ್ಟು ಗುಟ್ಟಾಗಿ ಇಟ್ಟಿತ್ತೆಂದರೆ, ಕಾಗದದ ಮೇಲೆ ಅದರ ಹೆಸರೇ "40 ಸೆಂ.ಮೀ. ಫಿರಂಗಿ" ಎಂದಿತ್ತು.

ಯಮಾಟೊ ಮತ್ತು ಅಮೆರಿಕದ ಅಯೋವಾ ಎದುರಾಗಿದ್ದರೆ ಗೆಲ್ಲುತ್ತಿದ್ದುದು ಯಾರು?

ಎದುರಾಗಲಿಲ್ಲ, ಹಾಗಾಗಿ ಈ ಜಗಳ ಇನ್ನೂ ಮುಗಿದಿಲ್ಲ! ಅಯೋವಾದ 16 ಇಂಚಿನ ಫಿರಂಗಿ ಹಾರಿಸುತ್ತಿದ್ದ ಭಾರದ ಶೆಲ್ 1225 ಕೆ.ಜಿ., ನಮ್ಮಲ್ಲಿ ಓಡಾಡುವ ಸಣ್ಣ ಕಾರಿಗಿಂತ ಜಾಸ್ತಿ ತೂಕ. ಅಗಲದಲ್ಲಿ ಯಮಾಟೊಗಿಂತ ಚಿಕ್ಕದು. ಆದರೂ ದೂರದಿಂದ ಮೇಲಿನಿಂದ ಬಂದು ಡೆಕ್ ಸೀಳುವುದರಲ್ಲಿ ಹೆಚ್ಚು ಕಡಿಮೆ ಯಮಾಟೊದ ಸಮಕ್ಕೇ ಬರುತ್ತಿತ್ತು. ಜೊತೆಗೆ ಅಯೋವಾ ವೇಗದ ಹಡಗು, ಅದರ ಗುರಿ ಹಿಡಿಯುವ ರೇಡಾರ್ ಯಮಾಟೊದ್ದಕ್ಕಿಂತ ಬಹಳ ಮುಂದಿತ್ತು. ರಾತ್ರಿಯಾಗಿದ್ದರೆ, ಮಂಜು ಇದ್ದಿದ್ದರೆ, ನನ್ನ ದುಡ್ಡು ಅಯೋವಾ ಮೇಲೆ. ಬೆಳಗಿನ ಸ್ವಚ್ಛ ಬಿಸಿಲಲ್ಲಿ ಸ್ವಲ್ಪ ಯೋಚಿಸಬೇಕು.

20 ಕಿ.ಮೀ. ಆಚೆ ಓಡುತ್ತಿರುವ ಹಡಗಿಗೆ ಗುರಿ ಇಡುವುದು ಹೇಗೆ?

ಈ ಪುಟದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ತುಸು ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಮೊದಲು ತೊಂದರೆ ಏನು ಅಂತ ನೋಡೋಣ. ಅಷ್ಟು ದೂರಕ್ಕೆ ಹಾರಿಸಿದ ಶೆಲ್ ಗಾಳಿಯಲ್ಲಿ ಅರ್ಧ ನಿಮಿಷದ ಆಸುಪಾಸು ಇರುತ್ತದೆ. ಫಿರಂಗಿಯ ಕೊನೆಯ ಮಿತಿಗೆ ಹೊಡೆದರೆ ಒಂದು ನಿಮಿಷವೂ ದಾಟುತ್ತದೆ. ಅಷ್ಟರಲ್ಲಿ ಶತ್ರು ಹಡಗು ನೂರಾರು ಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ಹಡಗೂ ಓಡುತ್ತಿದೆ, ಅಲೆಗೆ ಹೊಯ್ದಾಡುತ್ತಿದೆ. ಗಾಳಿ ಶೆಲ್ಲನ್ನು ಪಕ್ಕಕ್ಕೆ ತಳ್ಳುತ್ತದೆ. ಶೆಲ್ ತಿರುಗುತ್ತಾ ಹೋಗುವುದರಿಂದ ತಾನೇ ಒಂದು ಕಡೆಗೆ ಸರಿಯುತ್ತದೆ. ಮದ್ದಿನ ಬಿಸಿ ಏರಿದರೆ ವೇಗ ಬದಲು, ಬ್ಯಾರೆಲ್ ಸವೆದಿದ್ದರೆ ವೇಗ ಬದಲು. ಕೊನೆಗೆ ಭೂಮಿ ತಿರುಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ಒಬ್ಬೊಬ್ಬ ಗೋಲಂದಾಜ ತನ್ನ ಫಿರಂಗಿಯ ಹಿಂದೆ ನಿಂತು ಕಣ್ಣಳತೆಯಲ್ಲಿ ಹೊಡೆಯುವ ಕಾಲ ಮೊದಲ ಮಹಾಯುದ್ಧದ ಹೊತ್ತಿಗೇ ಮುಗಿದಿತ್ತು. ಹಡಗಿನ ಎತ್ತರದ ಜಾಗದಲ್ಲಿ ಡೈರೆಕ್ಟರ್ ಎಂಬ ಗುರಿ ಹಿಡಿಯುವ ಸಾಧನ. ಎಲ್ಲ ಫಿರಂಗಿಗೂ ಗುರಿ ಅಲ್ಲಿಂದಲೇ. ದೂರ ಅಳೆಯಲು ಎರಡು ತುದಿಗೂ ಕನ್ನಡಿ ಇರುವ ಉದ್ದನೆಯ ರೇಂಜ್‌ಫೈಂಡರ್. ಯಮಾಟೊದ ರೇಂಜ್‌ಫೈಂಡರ್ 15 ಮೀಟರ್ ಉದ್ದವಿತ್ತು. ಈ ಮಾಹಿತಿಯೆಲ್ಲ ಹಡಗಿನ ಹೊಟ್ಟೆಯೊಳಗಿನ ಒಂದು ಕೋಣೆಗೆ ಹೋಗುತ್ತದೆ. ಅಲ್ಲಿ ಗಿಯರ್, ಕ್ಯಾಮ್, ಶಾಫ್ಟ್‌ಗಳ ಒಂದು ದೊಡ್ಡ ಯಂತ್ರ. ಅದು ನಿಜವಾದ ಕಂಪ್ಯೂಟರ್, ವಿದ್ಯುತ್ತಿನ ಚಿಪ್ ಬದಲು ಹಲ್ಲುಚಕ್ರ, ಅಷ್ಟೇ. ಶೆಲ್ ಬೀಳುವ ಹೊತ್ತಿಗೆ ಶತ್ರು ಎಲ್ಲಿರುತ್ತಾನೆ ಎಂದು ಅದು ಎಡೆಬಿಡದೆ ಲೆಕ್ಕ ಹಾಕುತ್ತಾ, ಬ್ಯಾರೆಲ್ ಎಷ್ಟು ಎತ್ತಬೇಕು, ಎಷ್ಟು ತಿರುಗಿಸಬೇಕು ಎಂದು ಟರೆಟ್‌ಗೆ ತಿಳಿಸುತ್ತದೆ.

ಇಷ್ಟಾದರೂ ಮೊದಲ ಸುತ್ತು ಸಾಮಾನ್ಯವಾಗಿ ನೀರಿಗೆ. ಬಿದ್ದ ಜಾಗದಲ್ಲಿ ಏಳುವ ನೀರಿನ ಕಂಬ ನೋಡಿ, ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿದ್ದುತ್ತಾ ಹೋಗಬೇಕು. ಓಡುವ ಹಡಗಿನ ಮೇಲೆ ಯುದ್ಧನೌಕೆ ಫಿರಂಗಿ ಅತಿ ದೂರದಿಂದ ಹೊಡೆದ ಏಟುಗಳು ಸುಮಾರು 24 ಕಿ.ಮೀ.ನವು. 1940ರ ಜುಲೈ 9ರಂದು ಮೆಡಿಟರೇನಿಯನ್‌ನಲ್ಲಿ ಬ್ರಿಟನ್ನಿನ ವಾರ್‌ಸ್ಪೈಟ್ ಇಟಲಿಯ ಜೂಲಿಯೊ ಚೇಸರೆಗೆ ಹೊಡೆದದ್ದು ಅಂಥ ಒಂದು. ಅದಕ್ಕೂ ತಿಂಗಳ ಹಿಂದೆ ಜರ್ಮನಿಯ ಶಾರ್ನ್‌ಹಾರ್ಸ್ಟ್ ಬ್ರಿಟನ್ನಿನ ವಿಮಾನವಾಹಕ ಗ್ಲೋರಿಯಸ್‌ಗೆ ಹೊಡೆದದ್ದು ಇನ್ನೊಂದು. ಫಿರಂಗಿಗೆ 40 ಕಿ.ಮೀ. ಶಕ್ತಿ ಇದ್ದರೂ ಏಟು ತಗಲಿದ್ದು 24ಕ್ಕೆ ನಿಂತಿತು.

ಆಟ ಬದಲಾಯಿಸಿದ್ದು ರೇಡಾರ್. 1944ರ ಅಕ್ಟೋಬರ್ 25ರ ನಸುಕಿಗೆ ಮುಂಚಿನ ಕತ್ತಲೆ, ಫಿಲಿಪೀನ್ಸಿನ ಸುರಿಗಾವೊ ಜಲಸಂಧಿ. ಅಮೆರಿಕದ ಆರು ಯುದ್ಧನೌಕೆಗಳು ಸಾಲಾಗಿ ಕಾಯುತ್ತಿದ್ದವು. ವೆಸ್ಟ್ ವರ್ಜೀನಿಯಾ, ಟೆನೆಸಿ, ಕ್ಯಾಲಿಫೋರ್ನಿಯಾ ಮೂರಕ್ಕೆ ಹೊಸ ಮಾರ್ಕ್ 8 ರೇಡಾರ್ ಇತ್ತು. ಉಳಿದ ಮೂರಕ್ಕೆ ಹಳೆಯದು. ವೆಸ್ಟ್ ವರ್ಜೀನಿಯಾ ಸುಮಾರು 21 ಕಿ.ಮೀ. ದೂರದಿಂದ, ಕಣ್ಣಿಗೆ ಏನೂ ಕಾಣದ ಕತ್ತಲೆಯಲ್ಲಿ, ಮೊದಲ ಸುತ್ತಿನಲ್ಲೇ ಜಪಾನಿನ ಯಮಾಶಿರೊಗೆ ಹೊಡೆಯಿತು. ಅದು ಒಟ್ಟು 93 ಶೆಲ್ ಹಾರಿಸಿತು. ಹಳೆ ರೇಡಾರ್ ಇದ್ದ ಮಿಸಿಸಿಪಿ ಒಂದೇ ಒಂದು ಸುತ್ತು ಹಾರಿಸಿತು, ಪೆನ್ಸಿಲ್ವೇನಿಯಾ ಗುಂಡೇ ಹಾರಿಸಲಿಲ್ಲ. ಫಿರಂಗಿ ಚೆನ್ನಾಗಿದ್ದೂ ಗುರಿ ಸಿಗದೆ ಸುಮ್ನೆ ಕೂರಬೇಕಾಯಿತು. ಇನ್ನೊಂದು ಮಾತು: ವೆಸ್ಟ್ ವರ್ಜೀನಿಯಾ 1941ರಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಮುಳುಗಿದ್ದ ಹಡಗು. ಮೇಲೆತ್ತಿ, ರಿಪೇರಿ ಮಾಡಿ ತಂದಿದ್ದರು.

ಶೆಲ್ ಬಿದ್ದಲ್ಲಿ ಬಣ್ಣಬಣ್ಣದ ನೀರು ಏಳುತ್ತಿತ್ತಂತೆ, ನಿಜವಾ?

ನಿಜ. ನಾಲ್ಕು ಹಡಗುಗಳು ಒಂದೇ ಗುರಿಗೆ ಹೊಡೆಯುವಾಗ ಯಾವ ನೀರಿನ ಕಂಬ ಯಾರದ್ದು ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಶೆಲ್‌ನ ತುದಿಯಲ್ಲಿ ಬಣ್ಣದ ಪುಡಿ ಇಡುತ್ತಿದ್ದರು. ಹಡಗಿಗೊಂದು ಬಣ್ಣ.

ಟರೆಟ್ಟಿನ ಒಳಗೆ ಏನು ನಡೆಯುತ್ತದೆ? ಅಲ್ಲಿ ಅಪಾಯ ಎಷ್ಟು?

ಡೆಕ್ ಮೇಲೆ ಕಾಣುವುದು ಟರೆಟ್ಟಿನ ತಲೆ ಮಾತ್ರ. ಅದರ ಕೆಳಗೆ ಹಲವು ಅಂತಸ್ತುಗಳ ದುಂಡನೆಯ ಗೋಪುರ ಹಡಗಿನ ತಳದ ಹತ್ತಿರದವರೆಗೆ ಇಳಿಯುತ್ತದೆ. ಶೆಲ್, ಮದ್ದು ಎರಡೂ ಕೆಳಗಿನಿಂದ ಲಿಫ್ಟ್‌ನಲ್ಲಿ ಬರುತ್ತವೆ. ಅಯೋವಾದಲ್ಲಿ ಒಂದು ಏಟಿಗೆ 50 ಕೆ.ಜಿ.ಯ ಆರು ಮದ್ದಿನ ಚೀಲ. ಮೊದಲು ಶೆಲ್ಲನ್ನು ಯಂತ್ರದಿಂದ ಒಳಗೆ ನೂಕಿ, ಹಿಂದೆ ಚೀಲಗಳನ್ನು ಇಟ್ಟು, ಬಾಗಿಲು ತಿರುಗಿಸಿ ಮುಚ್ಚಿ, ಬ್ಯಾರೆಲ್ ಎತ್ತಿ ಹೊಡೆಯಬೇಕು. ಪಳಗಿದ ಜನ ನಿಮಿಷಕ್ಕೆ ಎರಡು ಸಲ ಇದನ್ನೆಲ್ಲ ಮಾಡುತ್ತಿದ್ದರು.

ಮದ್ದಿನ ಚೀಲ ರೇಷ್ಮೆಯದು. ಶೋಕಿಗೆ ಅಲ್ಲ. ರೇಷ್ಮೆ ಪೂರ್ತಿ ಉರಿದುಹೋಗುತ್ತದೆ, ಕೆಂಡ ಉಳಿಸುವುದಿಲ್ಲ. ಬ್ಯಾರೆಲ್ ಒಳಗೆ ಒಂದು ಕಿಡಿ ಉಳಿದರೂ ಮುಂದಿನ ಚೀಲ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. (ಆ ಯುದ್ಧಕಾಲದಲ್ಲಿ ಮೈಸೂರು ಸೀಮೆಯ ರೇಷ್ಮೆಗೂ ಒಳ್ಳೆ ಬೇಡಿಕೆ ಬಂದಿತ್ತು, ಅದು ಪ್ಯಾರಾಚೂಟಿಗೆ.) ಜರ್ಮನ್ನರು ಇನ್ನೊಂದು ದಾರಿ ಹಿಡಿದಿದ್ದರು: ಬಿಸ್ಮಾರ್ಕ್ ಯುದ್ಧನೌಕೆಯ 38 ಸೆಂ.ಮೀ. ಫಿರಂಗಿಯಲ್ಲಿ ಮುಖ್ಯ ಮದ್ದು ಹಿತ್ತಾಳೆಯ ದೊಡ್ಡ ಡಬ್ಬಿಯಲ್ಲಿ ಇರುತ್ತಿತ್ತು.

ಅಪಾಯ ಎಷ್ಟು ಅಂದರೆ, ಹಡಗೇ ಇಲ್ಲದಂತಾಗುವಷ್ಟು. 1916ರ ಮೇ 31ರಂದು ಜುಟ್ಲೆಂಡ್ ಕಾಳಗದಲ್ಲಿ ಇಂಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್ವಿನ್ಸಿಬಲ್ ಎಂಬ ಬ್ರಿಟನ್ನಿನ ಮೂರು ದೊಡ್ಡ ಹಡಗುಗಳು ಒಂದೇ ದಿನ ಸ್ಫೋಟಗೊಂಡು ಹೋದವು. ಶತ್ರುವಿನ ಶೆಲ್ ಎಷ್ಟು ಕಾರಣವೋ, ಮದ್ದನ್ನು ಇಟ್ಟುಕೊಂಡ ರೀತಿಯೂ ಅಷ್ಟೇ ಕಾರಣ. ಬೇಗ ಬೇಗ ಹೊಡೆಯುವ ಆತುರದಲ್ಲಿ ಬೆಂಕಿ ತಡೆಯುವ ಬಾಗಿಲುಗಳನ್ನು ತೆರೆದಿಟ್ಟು, ಚೀಲಗಳನ್ನು ದಾರಿಯಲ್ಲೇ ರಾಶಿ ಹಾಕಿಕೊಂಡಿದ್ದರು. 1941ರ ಮೇ 24ರಂದು ಬ್ರಿಟನ್ನಿನ ಹುಡ್ ಹಡಗಿನ ಮದ್ದಿನ ಕೋಣೆ ಸ್ಫೋಟಿಸಿದಾಗ ಅದರಲ್ಲಿದ್ದ 1418 ಜನರಲ್ಲಿ ಉಳಿದವರು 3 ಮಂದಿ.

ಒಂಬತ್ತೂ ಫಿರಂಗಿ ಒಟ್ಟಿಗೆ ಹಾರಿಸಿದರೆ ಹಡಗು ಪಕ್ಕಕ್ಕೆ ಸರಿಯುತ್ತದಾ?

ಇಲ್ಲ. ಲೆಕ್ಕ ಹಾಕಿಯೇ ನೋಡಬಹುದು. 1225 ಕೆ.ಜಿ.ಯ 9 ಶೆಲ್, ವೇಗ ಸೆಕೆಂಡಿಗೆ 762 ಮೀಟರ್, ಜೊತೆಗೆ ಹೊರಚಿಮ್ಮುವ ಅನಿಲ. ಇದನ್ನೆಲ್ಲ 50 ಸಾವಿರ ಟನ್ನಿಗೂ ಮೀರಿದ ಹಡಗಿನ ತೂಕಕ್ಕೆ ಹಂಚಿದರೆ ಬರುವುದು ಸೆಕೆಂಡಿಗೆ ಸುಮಾರು 20 ಸೆಂ.ಮೀ. ಅದೂ ನೀರೇ ಇಲ್ಲದಿದ್ದರೆ! ಅಷ್ಟುದ್ದದ ಹಡಗನ್ನು ಅಡ್ಡಡ್ಡ ತಳ್ಳಲು ನೀರು ಬಿಡುತ್ತದಾ? ಜೊತೆಗೆ ಬ್ಯಾರೆಲ್‌ಗಳು ತಾವೇ ಸುಮಾರು 1.2 ಮೀಟರ್ ಹಿಂದಕ್ಕೆ ಜಾರಿ ಏಟನ್ನು ನುಂಗಿಕೊಳ್ಳುತ್ತವೆ. ಫೋಟೋದಲ್ಲಿ ಹಡಗಿನ ಪಕ್ಕದಲ್ಲಿ ಕಾಣುವ ನೊರೆ ಹಡಗು ಜರುಗಿದ್ದರಿಂದ ಬಂದದ್ದಲ್ಲ. ಫಿರಂಗಿಬಾಯಿಯ ಗಾಳಿ ನೀರನ್ನು ಬಡಿದದ್ದು.

ಆ ಗಾಳಿಯ ಹೊಡೆತ ಮಾತ್ರ ತಮಾಷೆಯಲ್ಲ. 1941ರ ಮೇ 23ರಂದು ಬ್ರಿಟನ್ನಿನ ನಾರ್ಫಕ್ ಹಡಗಿನ ಮೇಲೆ ಗುಂಡು ಹಾರಿಸಿದಾಗ ಬಿಸ್ಮಾರ್ಕ್‌ನ ಮುಂದಿನ ರೇಡಾರ್ ತನ್ನದೇ ಫಿರಂಗಿಗಳ ಹೊಡೆತಕ್ಕೆ ಕೆಟ್ಟು ಕೂತಿತು.

ಅಷ್ಟು ದೊಡ್ಡ ಶೆಲ್ ತುಂಬ ಸ್ಫೋಟಕವೇ ಇರುತ್ತದಾ?

ಎರಡು ಜಾತಿ ಇವೆ. ಕವಚ ಸೀಳುವ ಶೆಲ್ ಬಹುಪಾಲು ಗಟ್ಟಿ ಉಕ್ಕು. ಅಯೋವಾದ 1225 ಕೆ.ಜಿ. ಶೆಲ್‌ನಲ್ಲಿ ಸ್ಫೋಟಕ 18 ಕೆ.ಜಿ. ಮಾತ್ರ. ದಪ್ಪ ಕವಚ ತೂರಿ ಒಳಗೆ ಹೋಗಿ, ಕ್ಷಣ ತಡೆದು ಸಿಡಿಯುವುದು ಅದರ ಕೆಲಸ. ಕರಾವಳಿಯ ಮೇಲೆ, ತೆಳು ಹಡಗುಗಳ ಮೇಲೆ ಹೊಡೆಯುವ ಶೆಲ್ ಬೇರೆ: ತೂಕ 862 ಕೆ.ಜಿ., ಸ್ಫೋಟಕ ಸುಮಾರು 70 ಕೆ.ಜಿ.

ತಪ್ಪು ಶೆಲ್ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಸಮಾರ್ ಕಾಳಗ ನೋಡಬೇಕು, ಸುರಿಗಾವೊದ ದಿನವೇ ಬೆಳಿಗ್ಗೆ ನಡೆದದ್ದು. ಯಮಾಟೊ ಶತ್ರು ಹಡಗುಗಳ ಮೇಲೆ ತನ್ನ ದೊಡ್ಡ ಫಿರಂಗಿ ಹಾರಿಸಿದ್ದು ಇಡೀ ಜೀವಮಾನದಲ್ಲಿ ಅದೊಂದೇ ಸಲ. ಎದುರಿಗಿದ್ದವು ಅಮೆರಿಕದ ಚಿಕ್ಕ ವಿಮಾನವಾಹಕಗಳು, ಡಿಸ್ಟ್ರಾಯರ್‌ಗಳು. ಜಪಾನಿನವರ ಕವಚ ಸೀಳುವ ಶೆಲ್‌ಗಳಲ್ಲಿ ಎಷ್ಟೋ ಆ ತೆಳು ತಗಡನ್ನು ಒಂದು ಕಡೆಯಿಂದ ತೂರಿ ಇನ್ನೊಂದು ಕಡೆಯಿಂದ ಸಿಡಿಯದೇ ಹೊರಟುಹೋದವು. ಗ್ಯಾಂಬಿಯರ್ ಬೇ ಎಂಬ ವಿಮಾನವಾಹಕ ಮುಳುಗಿತು, ಜೊತೆಗೆ ಮೂರು ಸಣ್ಣ ಹಡಗುಗಳೂ ಹೋದವು. ಆದರೆ ಅಷ್ಟು ದೊಡ್ಡ ಪಡೆಗೆ ಸಿಗಬೇಕಾಗಿದ್ದ ಗೆಲುವು ಸಿಗಲಿಲ್ಲ.

ಬ್ಯಾರೆಲ್ ಎಷ್ಟು ಏಟು ತಡೆಯುತ್ತದೆ?

ದೊಡ್ಡ ಫಿರಂಗಿ ಪೂರ್ತಿ ಮದ್ದಿನಲ್ಲಿ ಸುಮಾರು 300. ಆಮೇಲೆ ಒಳಗಿನ ಕೊಳವೆ ಬದಲಿಸಬೇಕು.

ಸರಿ, ವಿಮಾನಕ್ಕೆ ಬರೋಣ. ಮಷಿನ್ ಗನ್‌ಗೂ ಕ್ಯಾನನ್‌ಗೂ ವ್ಯತ್ಯಾಸ ಏನು?

ಸಾಮಾನ್ಯವಾಗಿ 20 ಮಿ.ಮೀ. ಮತ್ತು ಮೇಲಿನದು ಕ್ಯಾನನ್. ನಿಜವಾದ ವ್ಯತ್ಯಾಸ ಅಗಲದ್ದಲ್ಲ, ಒಳಗಿನದ್ದು. ಮಷಿನ್ ಗನ್ ಗುಂಡು ತೂತು ಮಾಡುತ್ತದೆ, ಕೆಲವು ಬೆಂಕಿ ಹಚ್ಚುತ್ತವೆ. 20 ಮಿ.ಮೀ.ನಲ್ಲಿ ಕೆಲಸಕ್ಕೆ ಬರುವಷ್ಟು ಸ್ಫೋಟಕವನ್ನೂ ಅದನ್ನು ಸಿಡಿಸುವ ಫ್ಯೂಸನ್ನೂ ತುಂಬಬಹುದು, ಅದು ವಿಮಾನದೊಳಗೆ ಸಿಡಿಯುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ: ಜರ್ಮನ್ನರ ಎಂಜಿ 151/20 ಎಂಬುದರ ಹೆಸರಿನಲ್ಲಿ ಮಷಿನ್ ಗನ್ ಇದ್ದರೂ ಅದು 20 ಮಿ.ಮೀ. ಕ್ಯಾನನ್ನೇ.

ಹಾಗಿದ್ದರೆ 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನಕ್ಕೆ ಎಂಟು ಸಣ್ಣ ಮಷಿನ್ ಗನ್ ಯಾಕೆ ಇಟ್ಟರು?

ಏಕೆಂದರೆ ಕೈಯಲ್ಲಿ ಇದ್ದದ್ದು ಅದೇ, ಮತ್ತು ಅದು ಕೆಡದೆ ಓಡುತ್ತಿತ್ತು. ಬ್ರೌನಿಂಗ್ .303 ಒಂದೊಂದೂ ನಿಮಿಷಕ್ಕೆ ಸುಮಾರು 1150 ಗುಂಡು. ಎಂಟೂ ಸೇರಿ ಸೆಕೆಂಡಿಗೆ 150ಕ್ಕೂ ಹೆಚ್ಚು. ಕೇಳಲು ಭಯಂಕರ. ತೂಕ ಹಾಕಿದರೆ ಸೆಕೆಂಡಿಗೆ 1.7 ಕೆ.ಜಿ. ಸೀಸ, ಅಷ್ಟೇ. ಒಂದೊಂದು ಗುಂಡು 11 ಗ್ರಾಂ. ಬ್ರಿಟನ್ ಮೇಲೆ ಬಂದ ಜರ್ಮನ್ ಬಾಂಬರ್‌ಗಳು ನೂರಾರು ತೂತಿನೊಂದಿಗೆ ಮನೆ ಸೇರಿದ್ದು ಇದೇ ಕಾರಣಕ್ಕೆ.

ಹಿಸ್ಪಾನೊ 20 ಮಿ.ಮೀ. ಕ್ಯಾನನ್ ಬ್ರಿಟಿಷರ ಹತ್ತಿರ ಆಗಲೇ ಇತ್ತು. ಅದರ ಶೆಲ್ 130 ಗ್ರಾಂ. 1940ರ ಬೇಸಿಗೆಯಲ್ಲಿ 19ನೇ ಸ್ಕ್ವಾಡ್ರನ್ ಅದನ್ನು ಸ್ಪಿಟ್‌ಫೈರ್‌ನಲ್ಲಿ ಹಾರಿಸಿಯೂ ನೋಡಿತು. ಸ್ಪಿಟ್‌ಫೈರ್ ರೆಕ್ಕೆ ತೆಳು, ಡ್ರಮ್ ಮ್ಯಾಗಜಿನ್ (ಶೆಲ್ ತುಂಬಿಡುವ ದುಂಡು ಡಬ್ಬಿ) ದಪ್ಪ. ಹಾಗಾಗಿ ಕ್ಯಾನನ್ನನ್ನು ಅಡ್ಡಕ್ಕೆ ಮಲಗಿಸಿ ಕೂರಿಸಿದರು. ಮಲಗಿಸಿದ ಕ್ಯಾನನ್ ಜಾಮ್ ಆಗುತ್ತಾ ಹೋಯಿತು. ಒಂದು ಕಡೆಯದು ನಿಂತು ಇನ್ನೊಂದು ಕಡೆಯದು ಹಾರಿದರೆ ವಿಮಾನದ ಮೂತಿಯೇ ಪಕ್ಕಕ್ಕೆ ಎಳೆಯುತ್ತದೆ, ಗುರಿ ಎಲ್ಲಿ ಉಳಿಯುತ್ತದೆ? ಪೈಲಟ್‌ಗಳು ಬೇಸತ್ತು ಮಷಿನ್ ಗನ್ ವಿಮಾನಗಳನ್ನೇ ವಾಪಸ್ ಕೇಳಿ ಪಡೆದರು. ಮುಂದೆ ನೆಟ್ಟಗೆ ಕೂರಿಸಿ, ಬೆಲ್ಟ್‌ನಲ್ಲಿ ಶೆಲ್ ಕೊಡುವ ವ್ಯವಸ್ಥೆ ಬಂದ ಮೇಲೆ ಅದೇ ಹಿಸ್ಪಾನೊ ಯುದ್ಧದ ಒಳ್ಳೆಯ ಕ್ಯಾನನ್‌ಗಳಲ್ಲಿ ಒಂದಾಯಿತು. ನಾಲ್ಕು ಹಿಸ್ಪಾನೊ ಇದ್ದರೆ ಸೆಕೆಂಡಿಗೆ ಸುಮಾರು 5 ಕೆ.ಜಿ., ಅದೂ ಸಿಡಿಯುವ ಗುಂಡು.

ಅಮೆರಿಕದವರು ಕೊನೆಯವರೆಗೂ ಪಾಯಿಂಟ್ ಫಿಫ್ಟಿಗೇ ಅಂಟಿಕೊಂಡದ್ದು ಯಾಕೆ?

ಅವರ ಫೈಟರ್‌ಗಳು ಹೊಡೆಯಬೇಕಾಗಿದ್ದು ಹೆಚ್ಚಾಗಿ ಶತ್ರು ಫೈಟರ್‌ಗಳನ್ನು, ನಾಲ್ಕು ಎಂಜಿನ್ ಬಾಂಬರ್‌ಗಳನ್ನಲ್ಲ. ಮುಸ್ತಾಂಗ್‌ಗೆ ಆರು, ಥಂಡರ್‌ಬೋಲ್ಟ್‌ಗೆ ಎಂಟು ಬ್ರೌನಿಂಗ್ ಆ ಕೆಲಸಕ್ಕೆ ಧಾರಾಳ ಸಾಕಾಗುತ್ತಿತ್ತು. ಗುಂಡು ವೇಗವಾಗಿ, ನೇರವಾಗಿ ಹೋಗುತ್ತಿತ್ತು. ಗುಂಡಿನ ದಾಸ್ತಾನೂ ಹೆಚ್ಚು. ಹಿಸ್ಪಾನೊ ತಯಾರಿಸಲು ಅವರೂ ಹೊರಟಿದ್ದರು, ಆದರೆ ಅವರು ಮಾಡಿದ್ದರಲ್ಲಿ ಗುಂಡು ಕೂರುವ ಭಾಗದ ಅಳತೆ ಸ್ವಲ್ಪ ಉದ್ದವಾಗಿ ಪಿನ್ನಿನ ಏಟು ಸರಿಯಾಗಿ ಬೀಳುತ್ತಿರಲಿಲ್ಲ. ಕೈಕೊಡುವ ಕ್ಯಾನನ್‌ಗಿಂತ ಓಡುವ ಮಷಿನ್ ಗನ್ ಮೇಲು ಎಂದು ಕೂತರು. ನನ್ನ ಪ್ರಕಾರ ಸರಿಯಾದ ತೀರ್ಮಾನ.

ಜರ್ಮನ್ನರ 30 ಮಿ.ಮೀ. ಬಗ್ಗೆ ಇಷ್ಟೊಂದು ಮಾತು ಯಾಕೆ?

ಅದು ಬಂದೂಕಿನ ಕಥೆಗಿಂತ ಗುಂಡಿನ ಕಥೆ. ಸಾಮಾನ್ಯ ಶೆಲ್ಲನ್ನು ಉಕ್ಕಿನ ತುಂಡನ್ನು ಕೊರೆದು ಮಾಡುತ್ತಾರೆ. ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ಜರ್ಮನ್ನರು ಉಕ್ಕನ್ನು ಒತ್ತಿ ಎಳೆದು ತೆಳು ಗೋಡೆಯ ಶೆಲ್ ಮಾಡಿದರು. ಅವರು ಕೊಟ್ಟ ಹೆಸರು ಮೀನೆನ್‌ಗೆಶೋಸ್. 20 ಮಿ.ಮೀ.ನಲ್ಲೇ 92 ಗ್ರಾಂ ಶೆಲ್‌ಗೆ ಸುಮಾರು 18 ಗ್ರಾಂ ಸ್ಫೋಟಕ ಹಿಡಿಯಿತು, ಬೇರೆಯವರಿಗಿಂತ ಬಹಳ ಹೆಚ್ಚು. ಚೂರುಗಳಿಂದ ಗಾಯ ಮಾಡುವುದು ಇದರ ಉದ್ದೇಶವಲ್ಲ. ರೆಕ್ಕೆಯೊಳಗೆ ಸಿಡಿದು, ಗಾಳಿಯ ಒತ್ತಡದಿಂದ ತಗಡನ್ನೇ ಒಳಗಿನಿಂದ ಕಿತ್ತುಹಾಕುವುದು.

1943ರ ಹೊತ್ತಿಗೆ ಅಮೆರಿಕದ ಬಿ-17 ಬಾಂಬರ್‌ಗಳು ಹಗಲಲ್ಲೇ ಗುಂಪುಗುಂಪಾಗಿ ಜರ್ಮನಿಗೆ ಬರತೊಡಗಿದವು. ಒಂದನ್ನು ಕೆಡವಲು 20 ಮಿ.ಮೀ.ನಲ್ಲಿ ಸರಾಸರಿ 20 ಏಟು ಬೇಕು ಎಂದು ಜರ್ಮನ್ನರ ಲೆಕ್ಕ. ಬಾಂಬರ್‌ಗಳ ಗುಂಡಿನ ಮಳೆಯಲ್ಲಿ ಅಷ್ಟು ಏಟು ಹೊಡೆಯುವವರೆಗೆ ಹಿಂದೆ ನಿಲ್ಲುವುದು ಯಾರಿಗೆ ಸಾಧ್ಯ? ಆಗ ಬಂತು ಎಂಕೆ 108. 30 ಮಿ.ಮೀ., ಶೆಲ್ 330 ಗ್ರಾಂ, ಅದರಲ್ಲಿ ಸುಮಾರು 85 ಗ್ರಾಂ ಸ್ಫೋಟಕ. ಸರಾಸರಿ ನಾಲ್ಕು ಏಟು ಸಾಕು. ಫೈಟರ್ ಆದರೆ ಒಂದೇ ಸಾಕು. ಒತ್ತಿ ಮಾಡಿದ ತಗಡಿನ ಭಾಗಗಳೇ ಹೆಚ್ಚು, ಹಾಗಾಗಿ ಅಗ್ಗ, ಹಗುರ. ಮಿ 262 ಜೆಟ್‌ನ ಮೂತಿಯಲ್ಲಿ ಇಂಥ ನಾಲ್ಕು ಇದ್ದವು.

ಇದಕ್ಕೆ ತೆತ್ತ ಬೆಲೆ ವೇಗ. ಬ್ಯಾರೆಲ್ ಮೋಟು, ಶೆಲ್ ಹೊರಡುವ ವೇಗ ಸೆಕೆಂಡಿಗೆ 540 ಮೀಟರ್ ಮಾತ್ರ. ಹಿಸ್ಪಾನೊದ್ದು 850 ದಾಟುತ್ತದೆ. ದೂರ ಹೆಚ್ಚಿದಂತೆ ಶೆಲ್ ಬೇಗ ಕೆಳಗೆ ಬಾಗುತ್ತದೆ. ಬಾಂಬರ್ ದೊಡ್ಡದು, ನೆಟ್ಟಗೆ ಹೋಗುತ್ತದೆ, ಹತ್ತಿರ ಹೋದರೆ ನಡೆಯುತ್ತದೆ. ತಿರುಗಿ ತಪ್ಪಿಸಿಕೊಳ್ಳುವ ಫೈಟರ್ ಮೇಲೆ ಕಷ್ಟ.

ಪ್ರೊಪೆಲ್ಲರ್‌ಗೆ ಗುಂಡು ತಗಲುವುದಿಲ್ಲವಾ?

ತಗಲದಂತೆ ಮಾಡಲು ಮೂರು ದಾರಿ. ಒಂದು, 1915ರಲ್ಲಿ ಫೋಕರ್ ವಿಮಾನಗಳಲ್ಲಿ ಬಂದ ಸಿಂಕ್ರೊನೈಸರ್. ಎಂಜಿನ್ ಜೊತೆ ಬಂದೂಕನ್ನು ಜೋಡಿಸಿ, ಪ್ರೊಪೆಲ್ಲರ್‌ನ ಎಲೆ ಅಡ್ಡ ಇಲ್ಲದಾಗ ಮಾತ್ರ ಗುಂಡು ಬಿಡುವುದು. ಅದಕ್ಕೂ ಮುಂಚೆ ಫ್ರಾನ್ಸಿನ ರೋಲಾಂ ಗ್ಯಾರೊಸ್ ಪ್ರೊಪೆಲ್ಲರ್‌ಗೆ ಉಕ್ಕಿನ ಪಟ್ಟಿ ಹೊಡೆದು, ತಗಲಿದ ಗುಂಡು ಚಿಮ್ಮಿ ಹೋಗಲಿ ಎಂದು ಬಿಟ್ಟಿದ್ದ. ಧೈರ್ಯ ಮೆಚ್ಚಬೇಕು! ಎರಡು, ಬಂದೂಕನ್ನು ರೆಕ್ಕೆಯಲ್ಲಿ ಪ್ರೊಪೆಲ್ಲರ್‌ನ ಸುತ್ತಿನಾಚೆ ಇಡುವುದು. ಮೂರು, ಪ್ರೊಪೆಲ್ಲರ್‌ನ ನಡುವಿನ ತೂತಿನಿಂದಲೇ ಹೊಡೆಯುವುದು. ಜರ್ಮನಿಯ ಬಿಎಫ್ 109ಎಫ್, ಸೋವಿಯೆತ್‌ನ ಯಾಕ್ ಫೈಟರ್‌ಗಳು, ಅಮೆರಿಕದ 37 ಮಿ.ಮೀ. ಕ್ಯಾನನ್ನಿನ ಏರಾಕೋಬ್ರಾ ಎಲ್ಲ ಈ ಜಾತಿ. ಏರಾಕೋಬ್ರಾದಲ್ಲಿ ಕ್ಯಾನನ್‌ಗೆ ಜಾಗ ಬಿಡಲು ಎಂಜಿನ್ನನ್ನೇ ಪೈಲಟ್‌ನ ಬೆನ್ನ ಹಿಂದೆ ಇಟ್ಟರು.

ಎಷ್ಟು ಹೊತ್ತು ಗುಂಡು ಹಾರಿಸಬಹುದಿತ್ತು?

ಸಿನಿಮಾ ನೋಡಿ ನಿಮಿಷಗಟ್ಟಲೆ ಅಂದುಕೊಂಡಿರುತ್ತೇವೆ. ಸ್ಪಿಟ್‌ಫೈರ್‌ನ ಒಂದೊಂದು ಮಷಿನ್ ಗನ್‌ಗೆ 300 ಗುಂಡು, ಒಟ್ಟು 15-16 ಸೆಕೆಂಡ್. ಜಪಾನಿನ ಮೊದಲ ಜೀರೊಗಳ 20 ಮಿ.ಮೀ. ಕ್ಯಾನನ್‌ಗೆ 60 ಶೆಲ್, ಸುಮಾರು 7 ಸೆಕೆಂಡ್. ಬಿಎಫ್ 109ಇ ಕೂಡ ಹಾಗೇ. ಒಂದೆರಡು ಸೆಕೆಂಡಿನ ಚಿಟಿಕೆ ಹೊಡೆತಗಳಲ್ಲೇ ಕೆಲಸ ಮುಗಿಯಬೇಕು. ರೆಕ್ಕೆಯ ಬಂದೂಕುಗಳನ್ನು ಸ್ವಲ್ಪ ಒಳಮುಖವಾಗಿ ತಿರುಗಿಸಿ, ಒಂದು ದೂರದಲ್ಲಿ ಎಲ್ಲ ಗುಂಡೂ ಸೇರುವಂತೆ ಹೊಂದಿಸುತ್ತಿದ್ದರು. ಬ್ರಿಟನ್ನಿನ ಅನುಭವಿ ಪೈಲಟ್‌ಗಳು ಅದನ್ನು 250 ಗಜಕ್ಕೆ ಇಳಿಸಿಕೊಂಡರು. ಅಂದರೆ, ಹತ್ತಿರ ಹೋಗದೆ ಹೊಡೆಯುವಂತಿಲ್ಲ.

ಒಂದೇ ಕಂಪನಿಯ ಬಂದೂಕು ಎರಡೂ ಕಡೆ ಇತ್ತು ಅನ್ನುತ್ತಾರಲ್ಲ?

ಹೌದು. ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್. ಜೀರೊದ 20 ಮಿ.ಮೀ. ಕ್ಯಾನನ್ ಓರ್ಲಿಕಾನ್ ವಿನ್ಯಾಸದ್ದು. ಬಿಎಫ್ 109ಇಯ ಎಂಜಿ ಎಫ್ಎಫ್ ಕೂಡ ಅದೇ ಮನೆತನ. ಆ ಜೀರೊಗಳನ್ನು ಹೊಡೆಯಲು ಅಮೆರಿಕ, ಬ್ರಿಟನ್ ಹಡಗುಗಳ ಡೆಕ್ ಮೇಲೆ ಸಾಲಾಗಿ ನಿಂತಿದ್ದವೂ ಓರ್ಲಿಕಾನ್‌ಗಳೇ, ಉದ್ದ ಬ್ಯಾರೆಲ್‌ನ ದೊಡ್ಡಣ್ಣ. ಸ್ವೀಡನ್ನಿನ 40 ಮಿ.ಮೀ. ಬೋಫೋರ್ಸ್ ಕೂಡ ಎರಡೂ ಪಕ್ಷದ ಕೈಯಲ್ಲಿತ್ತು. ಬೋಫೋರ್ಸ್ ಅಂದರೆ ನಮ್ಮವರಿಗೆ 1980ರ ದಶಕದ ರಾಜಕೀಯ ಮೊದಲು ನೆನಪಾಗುತ್ತದೆ. ಕಂಪನಿ ಅದೇ, ಫಿರಂಗಿ ಬೇರೆ.

ವಿಮಾನದಲ್ಲಿ ನಿಜವಾದ ದೊಡ್ಡ ಫಿರಂಗಿ ಇಟ್ಟವರು ಇದ್ದಾರಾ?

ಇದ್ದಾರೆ. ಅಮೆರಿಕದ ಬಿ-25ಜಿ ಮತ್ತು ಎಚ್ ಮಾದರಿಗಳಲ್ಲಿ 75 ಮಿ.ಮೀ. ಫಿರಂಗಿ, ಕೈಯಲ್ಲಿ ಒಂದೊಂದೇ ಶೆಲ್ ತುಂಬಬೇಕು. ಬ್ರಿಟನ್ನಿನ ಒಂದು ಮೊಸ್ಕಿಟೊದಲ್ಲಿ 57 ಮಿ.ಮೀ. ಜರ್ಮನಿಯ ಯು 87ಜಿ ರೆಕ್ಕೆಯಡಿ ಎರಡು 37 ಮಿ.ಮೀ. ಟ್ಯಾಂಕ್ ಹೊಡೆಯಲು. ನಮ್ಮ ಪಕ್ಕದ ಬರ್ಮಾದಲ್ಲಿ ಬ್ರಿಟನ್ನಿನ 20ನೇ ಸ್ಕ್ವಾಡ್ರನ್ ಎರಡು 40 ಮಿ.ಮೀ. ಕ್ಯಾನನ್ನಿನ ಹರಿಕೇನ್ ಹಾರಿಸಿತು. ಇವುಗಳಲ್ಲಿ ಬಿ-25ರ 75 ಮಿ.ಮೀ. ನನ್ನ ಲೆಕ್ಕದಲ್ಲಿ ಶೋಕಿಯೇ ಜಾಸ್ತಿ. ಒಂದು ದಾಳಿಯಲ್ಲಿ ಮೂರೋ ನಾಲ್ಕೋ ಶೆಲ್. ಮೂತಿ ತುಂಬ ಮಷಿನ್ ಗನ್ ಇಟ್ಟ ಬಿ-25ಗಳೇ ಹೆಚ್ಚು ಕೆಲಸ ಮಾಡಿದವು.

ವಿಮಾನಗಳನ್ನು ಹೊಡೆಯಲು ಹಡಗುಗಳು ಏನು ಮಾಡಿದವು?

ಜಪಾನ್ ಬಂದೂಕಿನ ಸಂಖ್ಯೆ ಹೆಚ್ಚಿಸಿತು. 1945ರ ಯಮಾಟೊದಲ್ಲಿ 25 ಮಿ.ಮೀ. ಬ್ಯಾರೆಲ್‌ಗಳೇ 150ರ ಆಸುಪಾಸು. ಆದರೆ ಒಂದು ಮ್ಯಾಗಜಿನ್‌ಗೆ 15 ಗುಂಡು, ಖಾಲಿಯಾಗುತ್ತಲೇ ಇರುತ್ತದೆ. ಗುರಿ ಹಿಡಿಯುವ ವ್ಯವಸ್ಥೆ ವೇಗದ ವಿಮಾನಕ್ಕೆ ಸಾಲದು.

ಅಮೆರಿಕ ಶೆಲ್‌ನ ತಲೆ ಬದಲಾಯಿಸಿತು. ಹಿಂದೆಲ್ಲ ಫ್ಯೂಸ್‌ಗೆ ಸಮಯ ಕೊಟ್ಟು ಹಾರಿಸಬೇಕಿತ್ತು, ಅಂದಾಜು ಅರ್ಧ ಸೆಕೆಂಡ್ ತಪ್ಪಿದರೆ ವ್ಯರ್ಥ. ಹೊಸ ಫ್ಯೂಸ್‌ನೊಳಗೆ ಒಂದು ಪುಟಾಣಿ ರೇಡಿಯೊ. ವಿಮಾನ ಹತ್ತಿರ ಬಂದ ಕೂಡಲೇ ತಾನೇ ಅರಿತು ಸಿಡಿಯುತ್ತದೆ. ಫಿರಂಗಿಯಿಂದ ಹೊರಡುವ ಆ ಭಯಂಕರ ತಳ್ಳಿಗೆ ಗಾಜಿನ ವಾಲ್ವ್ ಒಡೆಯದಂತೆ ಮಾಡಿದ್ದೇ ಸಾಹಸ. 1943ರ ಜನವರಿಯಲ್ಲಿ ಹೆಲೆನಾ ಎಂಬ ಕ್ರೂಸರ್ (ಯುದ್ಧನೌಕೆಗಿಂತ ಸಣ್ಣ, ಡಿಸ್ಟ್ರಾಯರ್‌ಗಿಂತ ದೊಡ್ಡ ಹಡಗು) 5 ಇಂಚಿನ ಫಿರಂಗಿಯಿಂದ ಇದನ್ನು ಮೊದಲ ಸಲ ಕಾಳಗದಲ್ಲಿ ಬಳಸಿತು. ಸಿಡಿಯದ ಶೆಲ್ ಶತ್ರು ಕೈಗೆ ಸಿಕ್ಕೀತು ಎಂದು ಮೊದಮೊದಲು ಸಮುದ್ರದ ಮೇಲೆ ಮಾತ್ರ ಬಳಸಲು ಬಿಡುತ್ತಿದ್ದರು.

ದೊಡ್ಡ ಫಿರಂಗಿಯ ಕಾಲ ಮುಗಿದದ್ದು ಯಾವಾಗ?

1941ರ ಡಿಸೆಂಬರ್ 10ರಂದು ಮಲಯಾ ಕರಾವಳಿಯಾಚೆ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಹಡಗುಗಳು ಜಪಾನಿನ ವಿಮಾನಗಳಿಗೆ ಸಿಕ್ಕಿ ಮುಳುಗಿದವು. ಮುಸಾಶಿ 1944ರ ಅಕ್ಟೋಬರ್ 24ರಂದು, ಯಮಾಟೊ 1945ರ ಏಪ್ರಿಲ್ 7ರಂದು, ಎರಡೂ ವಿಮಾನಗಳಿಗೇ ಬಲಿ. ಆದರೂ ಕರಾವಳಿ ಮೇಲೆ ಹೊಡೆಯಲು ಫಿರಂಗಿ ಬಹಳ ಕಾಲ ಉಳಿಯಿತು. 1991ರ ಕೊಲ್ಲಿ ಯುದ್ಧದಲ್ಲೂ ಮಿಸೌರಿ, ವಿಸ್ಕಾನ್ಸಿನ್ 16 ಇಂಚಿನ ಶೆಲ್ ಹಾರಿಸಿದವು.

ನಮಗೂ ಈ ಫಿರಂಗಿಗಳಿಗೂ ಏನು ಸಂಬಂಧ?

ಸಂಬಂಧ ಸಾಕಷ್ಟಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಮದ್ರಾಸಿನ ಬರ್ಮಾ ಆಯಿಲ್ ಕಂಪನಿ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿತು. ಅದರ ಫಿರಂಗಿ ಬರೀ 10.5 ಸೆಂ.ಮೀ. ಅಷ್ಟಕ್ಕೇ ಊರು ಖಾಲಿಯಾಗತೊಡಗಿತು. ನವೆಂಬರ್ 9ರಂದು ಕೋಕಸ್ ದ್ವೀಪಗಳ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಹಡಗಿನ 6 ಇಂಚಿನ ಫಿರಂಗಿ ಅದನ್ನು ಮುಗಿಸಿತು. ಇಲ್ಲಿ ಅಳತೆಯೇ ಗೆದ್ದಿತು, ಒಪ್ಪಬೇಕು.

ಉಲ್ಟಾ ಉದಾಹರಣೆಯೂ ನಮ್ಮದೇ ನೌಕಾಪಡೆಗೆ ಸೇರಿದ್ದು. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಬಳಿ ಜರ್ಮನಿಯ ಗ್ರಾಫ್ ಷ್ಪೇಗೆ 28 ಸೆಂ.ಮೀ. ಫಿರಂಗಿ ಆರು. ಎದುರಿದ್ದ ಮೂರು ಕ್ರೂಸರ್‌ಗಳದ್ದು 8 ಇಂಚು, 6 ಇಂಚು. ಮೂರು ಕಡೆಯಿಂದ ಕಾಡಿ, ಗ್ರಾಫ್ ಷ್ಪೇ ಬಂದರು ಸೇರುವಂತೆ ಮಾಡಿದವು. ನಾಲ್ಕು ದಿನದ ಮೇಲೆ ಅದರ ಕ್ಯಾಪ್ಟನ್ ತಾನೇ ಹಡಗನ್ನು ಮುಳುಗಿಸಿದ. ಆ ಮೂರರಲ್ಲಿ ಒಂದಾದ ಅಕಿಲೀಸ್ 1948ರಲ್ಲಿ ಭಾರತಕ್ಕೆ ಬಂದು ಡೆಲ್ಲಿ ಆಯಿತು.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಐಎನ್ಎಸ್ ಮೈಸೂರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ನೈಜೀರಿಯಾ ಆಗಿದ್ದ ಕ್ರೂಸರ್, 1957ರಲ್ಲಿ ಮೈಸೂರು ಹೆಸರಿನಲ್ಲಿ ನಮ್ಮ ನೌಕಾಪಡೆ ಸೇರಿತು. ಮೂರು ಟರೆಟ್‌ಗಳಲ್ಲಿ 6 ಇಂಚಿನ 9 ಫಿರಂಗಿ, 51 ಕೆ.ಜಿ. ಶೆಲ್. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ವೇಳೆ ಕಾರವಾರದ ಎದುರಿನ ಅಂಜದೀವ್ ದ್ವೀಪಕ್ಕೆ ನಮ್ಮ ನಾವಿಕರು ಇಳಿದಾಗ, ಹಿಂದೆ ಫಿರಂಗಿ ಬೆಂಬಲಕ್ಕೆ ನಿಂತವು ಮೈಸೂರು ಮತ್ತು ತ್ರಿಶೂಲ್. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಖ್ಯ ಹಡಗು ಇದೇ ಮೈಸೂರು. 1985ರಲ್ಲಿ ನಿವೃತ್ತಿ.

ವಿಮಾನದ ಕಡೆ, 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಯುದ್ಧದ ನಡುವೆ ಅಮೆರಿಕದ ವಾಯುಪಡೆಯ ದೊಡ್ಡ ರಿಪೇರಿ ಕೇಂದ್ರವಾಯಿತು. ಕ್ಯಾಟಲಿನಾ ಎಂಬ ನೀರಿನ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇವತ್ತಿನ ಬೆಳ್ಳಂದೂರು ಟ್ರಾಫಿಕ್‌ನಲ್ಲಿ ನಿಂತವರಿಗೆ ನಂಬುವುದು ಕಷ್ಟ.

ಇವನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ?

ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿ ಸ್ಪಿಟ್‌ಫೈರ್, ಹರಿಕೇನ್, ಲಿಬರೇಟರ್ ಇವೆ. ಮದ್ರಾಸ್ ಹೈಕೋರ್ಟ್ ಗೋಡೆಯ ಬಳಿ ಎಮ್ಡೆನ್ ಶೆಲ್ ಬಿದ್ದ ಗುರುತಿನ ಫಲಕ ಇದೆ. ಲಂಡನ್ ಕಡೆ ಹೋಗುವವರಿಗೆ ಎರಡು ಜಾಗ. ಇಂಪೀರಿಯಲ್ ವಾರ್ ಮ್ಯೂಸಿಯಂ ಬಾಗಿಲಲ್ಲೇ 15 ಇಂಚಿನ ಎರಡು ಬ್ಯಾರೆಲ್ ನಿಂತಿವೆ, ಟಿಕೆಟ್ ಬೇಡ. ಥೇಮ್ಸ್ ನದಿಯಲ್ಲಿ ಬೆಲ್‌ಫಾಸ್ಟ್ ಕ್ರೂಸರ್ ಇದೆ, ಅದರ 6 ಇಂಚಿನ ಫಿರಂಗಿಗಳು ನಮ್ಮ ಹಳೆ ಐಎನ್ಎಸ್ ಮೈಸೂರಿನಲ್ಲಿದ್ದ ಮಾರ್ಕ್ 23 ಜಾತಿಯವೇ, ಟರೆಟ್ಟಿನ ಒಳಗೂ ಹೋಗಬಹುದು. ಮುಂದಿನ ಟರೆಟ್‌ಗಳ ಗುರಿ ಇಟ್ಟಿರುವುದು 20 ಕಿ.ಮೀ. ಆಚೆಯ ಹೆದ್ದಾರಿ ಹೋಟೆಲ್ ಮೇಲೆ. ಅಮೆರಿಕದಲ್ಲಿ ಇರುವವರಿಗಂತೂ ಹಬ್ಬ: ಅಯೋವಾ ಲಾಸ್ ಏಂಜಲಿಸ್‌ನಲ್ಲಿ, ನ್ಯೂಜೆರ್ಸಿ ಕ್ಯಾಮ್ಡೆನ್‌ನಲ್ಲಿ, ವಿಸ್ಕಾನ್ಸಿನ್ ನಾರ್ಫಕ್‌ನಲ್ಲಿ, ಮಿಸೌರಿ ಪರ್ಲ್ ಹಾರ್ಬರ್‌ನಲ್ಲಿ.